ನುಸಿಗೆ ನುಸಿಯೇ ಮದ್ದು

ಹಳೇ ಮೈಸೂರು ಸೀಮೆಯ ಯಾವ ಸಂತೆಗೆ ಹೋದರೂ ತೆಂಗಿನಕಾಯಿಯ ದೊಡ್ಡ ರಾಶಿಯ ಪಕ್ಕ ಇನ್ನೊಂದು ಸಣ್ಣ ರಾಶಿ ಇರುತ್ತದೆ. ತೊಟ್ಟಿನಿಂದ ಕೆಳಕ್ಕೆ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಒರಟಾಗಿ, ಉದ್ದುದ್ದಕ್ಕೆ ಸೀಳಿದ ಕಾಯಿಗಳು ಅವು. ಗಾತ್ರ ಚಿಕ್ಕದು, ಕೆಲವು ಒಂದು ಮಗ್ಗುಲಿಗೆ ಸೊಟ್ಟಗಾಗಿರುತ್ತವೆ. ವ್ಯಾಪಾರಿ ಕೈಗೆತ್ತಿಕೊಂಡು ನೋಡುವುದೂ ಇಲ್ಲ, ‘ನುಸಿ ಕಾಯಿ’ ಎಂದು ಪಕ್ಕಕ್ಕೆ ತಳ್ಳಿ ಬೇರೆಯದೇ ದರ ಹೇಳುತ್ತಾನೆ. ನಂಜನಗೂಡು, ಬದನವಾಳು, ಟಿ. ನರಸೀಪುರದ ಕಡೆಯ ತೋಟದವರಿಗೆ ಈ ಮಾತು ಕಾಲು ಶತಮಾನದಿಂದ ಕೇಳಿ ಕೇಳಿ ಅಭ್ಯಾಸವಾಗಿದೆ. ಆ ಕಂದು ಕಲೆಯ ಕೆಳಗೆ ಇನ್ನೊಂದು ಜೀವವೂ ಓಡಾಡಿಕೊಂಡಿರುತ್ತದೆ, ನುಸಿಯನ್ನೇ ಹಿಡಿದು ತಿಂದು ಬದುಕುತ್ತಿರುತ್ತದೆ ಎಂಬುದು ಮಾತ್ರ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ನೋಡಬೇಕೆಂದರೆ ನಾಲ್ಕೈದು ತಿಂಗಳ ಎಳಗಾಯಿಯೊಂದನ್ನು ಇಳಿಸಿ, ತೊಟ್ಟಿನ ಟೋಪಿಯ ಎಸಳುಗಳನ್ನು ಚಾಕುವಿನ ಮೊನೆಯಿಂದ ಒಂದೊಂದಾಗಿ ಎಬ್ಬಿಸಬೇಕು. ಎಸಳಿನಡಿಯ ಬೆಳ್ಳನೆಯ ಎಳೆ ಭಾಗದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಮಾಸಲು ಪುಡಿ ಕಾಣುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಹಿಡಿದರೆ ಆ ಪುಡಿ ಮೆಲ್ಲಗೆ ಮಿಸುಕುತ್ತದೆ. ಅದೇ ತೆಂಗಿನ ನುಸಿ. ಉದ್ದ ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ಹುಳುವಿನ ಆಕಾರದ ಮೈಗೆ ಮುಂಭಾಗದಲ್ಲಿ ನಾಲ್ಕೇ ಕಾಲು. ಒಂದೇ ಕಾಯಿಯಲ್ಲಿ ಸಾವಿರಾರು ಇರುತ್ತವೆ. ಅವುಗಳ ನಡುವೆ ಎಂಟು ಕಾಲಿನ, ಚಪ್ಪಟೆ ಮೈಯ, ಮಿರುಗುವ ಇನ್ನೊಂದು ಪ್ರಾಣಿ ಸರಸರನೆ ಹಾದುಹೋದರೆ, ಅದು ಈ ಲೇಖನದ ನಾಯಕ. ನಿಯೋಸೀಯುಲಸ್ ಬರಾಕಿ ಎಂದು ಅದರ ಶಾಸ್ತ್ರೀಯ ಹೆಸರು. ಅದೂ ನುಸಿಯೇ, ಆದರೆ ಕಾಯಿಯ ರಸಕ್ಕೆ ಬಾಯಿ ಹಾಕುವುದಿಲ್ಲ. ತೆಂಗಿನ ನುಸಿಯನ್ನೂ ಅದರ ಮೊಟ್ಟೆಯನ್ನೂ ಹೀರಿ ಬದುಕುತ್ತದೆ.

ತೆಂಗಿನ ನುಸಿ ನಮ್ಮ ನೆಲದ್ದಲ್ಲ. ಮೆಕ್ಸಿಕೋದ ಗೆರೆರೋ ಪ್ರಾಂತ್ಯದಿಂದ ತಂದ ಮಾದರಿಗಳನ್ನು ನೋಡಿ ಕೈಫರ್ ಎಂಬ ವಿಜ್ಞಾನಿ 1965ರಲ್ಲಿ ಅದಕ್ಕೆ ಹೆಸರಿಟ್ಟರು. ಭಾರತದಲ್ಲಿ ಅದು ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಿಂದ. ಗಾಳಿಯೇ ಅದರ ವಾಹನ. ನೋಡನೋಡುತ್ತ ಕರ್ನಾಟಕದ ತೆಂಗಿನ ಸೀಮೆಯನ್ನೆಲ್ಲ ಹಬ್ಬಿತು. ಆಗಿನ ದಿನಗಳನ್ನು ಕಂಡವರಿಗೆ ನೆನಪಿರುತ್ತದೆ: ಮರದ ಬುಡ ಬಗೆದು, ಪೆನ್ಸಿಲ್ ದಪ್ಪದ ಜೀವಂತ ಬೇರು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಮಾನೋಕ್ರೋಟೋಫಾಸ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಕಟ್ಟುತ್ತಿದ್ದರು. ಮರ ಅದನ್ನು ಕುಡಿಯಬೇಕು, ನುಸಿ ಸಾಯಬೇಕು. ಔಷಧಿ ಉಣಿಸಿದ ಮರದಿಂದ ಒಂದೂವರೆ ತಿಂಗಳು ಎಳನೀರು ಇಳಿಸಬಾರದು ಎಂಬ ಎಚ್ಚರಿಕೆಯೂ ಜೊತೆಗಿತ್ತು. ಎಷ್ಟು ಮನೆಗಳಲ್ಲಿ ಅದನ್ನು ಪಾಲಿಸಿದರೋ! ಅದೇ ಮಾನೋಕ್ರೋಟೋಫಾಸನ್ನು ತರಕಾರಿ ಬೆಳೆಗಳ ಮೇಲೆ ಸಿಂಪಡಿಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲಿ ನಿಷೇಧಿಸಿತು. ನಂತರ ಬೇವಿನ ಅಂಶದ ಔಷಧಿಯನ್ನು ಬೇರಿಗೆ ಉಣಿಸುವ, ಬೇವಿನೆಣ್ಣೆ–ಬೆಳ್ಳುಳ್ಳಿ ಮಿಶ್ರಣವನ್ನು ಗೊನೆಗೆ ಸಿಂಪಡಿಸುವ ಕ್ರಮಗಳು ಬಂದವು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುತ್ತ ಬಂದಿರುವುದೂ ಇದನ್ನೇ.

ಬೇವು ತಪ್ಪಲ್ಲ. ಆದರೆ ಔಷಧಿ ಯಾವುದೇ ಇರಲಿ, ಎಸಳಿನಡಿ ಅಡಗಿ ಕುಳಿತವನನ್ನು ಹೊರಗಿನಿಂದ ಮುಟ್ಟುವುದು ಕಷ್ಟ. ಒಳಗೆ ನುಗ್ಗಬಲ್ಲವನೇ ಬೇಕು. ಬರಾಕಿಯ ಮೈ ಚಪ್ಪಟೆಯಾಗಿರುವುದು ಅದಕ್ಕೇ ಅನುಕೂಲ. ಹಾಗಿದ್ದೂ ಅದು ತೆಂಗಿನ ನುಸಿಗಿಂತ ದೊಡ್ಡದು. ಆರೋಗ್ಯವಾದ ಎಳಗಾಯಿಯಲ್ಲಿ ಎಸಳು ಮತ್ತು ಕಾಯಿಯ ನಡುವಿನ ಸಂದಿಗೆ ಹಿಡಿಸುವುದೇ ಇಲ್ಲ. ಇಲ್ಲಿ ತೆಂಗು ಒಂದು ಅದ್ಭುತ ಮಾಡುತ್ತದೆ. ನುಸಿ ತಗುಲಿದ ಕಾಯಿಯಲ್ಲಿ ಆ ಸಂದಿ ಅಗಲವಾಗುತ್ತದೆ, ಬೇಟೆಗಾರ ನುಸಿ ಒಳಗೆ ಹೋಗುವಷ್ಟು ಅಗಲ. ಶ್ರೀಲಂಕಾದ ನಯನಿ ಅರಚ್ಚಿಗೆ ಮತ್ತು ನೆದರ್ಲೆಂಡ್ಸಿನ ಮೌರಿಸ್ ಸಬೆಲಿಸ್ ತಂಡದವರು ಇದನ್ನು ಅಳೆದು ತೋರಿಸಿದರು. ಮರವೇ ಬಾಗಿಲು ತೆರೆದಂತೆ. ಆದರೆ ಬಾಗಿಲು ತೆರೆಯುವುದು ತಡವಾಗಿ. ತೆಂಗಿಗೆ ತಿಂಗಳಿಗೊಂದು ಗೊನೆ. ಒಂದು ಗೊನೆಯಲ್ಲಿ ನುಸಿ ವಿಪರೀತವಾದರೆ, ಬೇಟೆಗಾರರು ಹೆಚ್ಚು ಸಿಗುವುದು ಅದಕ್ಕಿಂತ ಒಂದು ತಿಂಗಳು ಹಿರಿಯ ಗೊನೆಯಲ್ಲಿ. ಅಷ್ಟರಲ್ಲಿ ಕಲೆ ಬಿದ್ದಾಗಿರುತ್ತದೆ. ಹಾಗಾಗಿ ಬೇಟೆಗಾರರನ್ನು ಸಾಕಿ, ಮೊದಲೇ ಮರ ಹತ್ತಿಸಬೇಕು ಎಂಬ ಯೋಚನೆ ಹುಟ್ಟಿತು. ಶ್ರೀಲಂಕಾದ ಲುನುವಿಲದ ತೆಂಗು ಸಂಶೋಧನಾ ಸಂಸ್ಥೆ ಬರಾಕಿಯನ್ನು ಸಣ್ಣ ಚೀಲಗಳಲ್ಲಿ ಸಾಕುವ ವಿಧಾನ ರೂಪಿಸಿತು. ಅದರ ಮೇವು ದವಸ ಧಾನ್ಯದ ಬೂಷ್ಟಿನಲ್ಲಿ ಬದುಕುವ ಇನ್ನೊಂದು ನುಸಿ. ನಮ್ಮ ಹಾಗೇ ತೆಂಗು ನಂಬಿದ ಪಕ್ಕದ ದೇಶ ಮಾಡಿರುವ ಈ ಕೆಲಸ ನಮ್ಮ ತೋಟಗಾರಿಕೆ ಇಲಾಖೆಯ ಕಣ್ಣಿಗೆ ಇನ್ನಷ್ಟು ಬೀಳಬೇಕು.

ತೆಂಗಿನ ಮರದಿಂದ ಇಳಿದು ತರಕಾರಿ ಹೊಲಕ್ಕೆ ಬಂದರೆ ಕತೆ ಬೇರೆ. ಇಲ್ಲಿಯ ಶತ್ರು ಕೆಂಪು ಜೇಡ ನುಸಿ. ಬೆಂಡೆ, ಬದನೆ, ಬೀನ್ಸ್, ಟೊಮೆಟೊ, ಗುಲಾಬಿ, ಹಿಪ್ಪುನೇರಳೆ, ಯಾವುದನ್ನೂ ಬಿಡುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಎಲೆಯ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆಗಳು ಮೂಡುತ್ತವೆ, ಆಮೇಲೆ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ತುದಿಯಲ್ಲಿ ನವಿರಾದ ಬಲೆ ಕಟ್ಟುತ್ತದೆ. 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಟ್ಟೆ ವಾರ ಹತ್ತು ದಿನದೊಳಗೆ ಮೊಟ್ಟೆಯಿಡುವ ತಾಯಿಯಾಗುತ್ತದೆ. ಬಲೆ ಕಟ್ಟಿದ ಮೇಲೆ ಎಚ್ಚೆತ್ತವರು ಗೊಬ್ಬರದ ಅಂಗಡಿಗೆ ಓಡುತ್ತಾರೆ. ‘ಗಿಡಕ್ಕೆ ಕೆಂಪು ಹೊಡ್ದದೆ, ಏನ್ ಕೊಡ್ತೀಯಣ್ಣ?’ ಅಂಗಡಿಯಣ್ಣ ಎರಡು ಬಾಟಲಿ ಕೊಡುತ್ತಾನೆ. ಒಂದು ನುಸಿಗೆ, ಇನ್ನೊಂದು ‘ಎಲ್ಲಕ್ಕೂ’.

ಆ ‘ಎಲ್ಲಕ್ಕೂ’ ಎಂಬ ಬಾಟಲಿಯೇ ಕೇಡು. ಕೃಷಿಯ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಬರೆದಿಟ್ಟ ಪಾಠ ಕಡಿಮೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಯುರೋಪಿನ ಸೇಬಿನ ತೋಟಗಳಿಗೆ ಡಿಡಿಟಿ ಬಂತು. ಹಣ್ಣು ಕೊರೆಯುವ ಹುಳ ಸತ್ತಿತು, ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲದ ನುಸಿ ದೊಡ್ಡ ಪೀಡೆಯಾಗಿ ಎದ್ದಿತು. ನುಸಿಗೆ ಡಿಡಿಟಿ ಹೆಚ್ಚೇನೂ ಮಾಡಲಿಲ್ಲ, ಅದನ್ನು ತಿನ್ನುತ್ತಿದ್ದವರನ್ನು ಮಾತ್ರ ಗುಡಿಸಿ ಹಾಕಿತು. ಇಂದು ನಮ್ಮ ಬೆಂಡೆ ಹೊಲದಲ್ಲಿ ಕಾಯಿಕೊರಕಕ್ಕೆಂದು ಹೊಡೆಯುವ ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡುಗಳು ಮಾಡುವುದೂ ಅದನ್ನೇ. ಸಿಂಪಡಿಸಿದ ಎರಡು ಮೂರು ವಾರಕ್ಕೆ ಗಿಡ ಕೆಂಪಾದರೆ, ‘ಔಷಧಿ ಸಾಲದಾಯ್ತು’ ಎಂದುಕೊಳ್ಳುತ್ತೇವೆ. ಸಾಲದಾದದ್ದು ಔಷಧಿಯಲ್ಲ, ಕಾವಲು.

ಆ ಕಾವಲು ಎಂಥದ್ದು ಎಂದು ಒಮ್ಮೆ ಹತ್ತಿರದಿಂದ ನೋಡಬೇಕು. ಔಷಧಿ ಕಾಣದ ಬೇಲಿಯಂಚಿನ ಬೆಂಡೆಯ ಎಲೆ ಕಿತ್ತು, ಬೋರಲು ಹಾಕಿ, ಮಸೂರ ಕಣ್ಣಿಗೆ ಒತ್ತಿ ಹಿಡಿದು ಎಲೆಯನ್ನೇ ಹತ್ತಿರ ತನ್ನಿ. ಜೇಡ ನುಸಿ ಕೂತಲ್ಲೇ ಕೂತು ರಸ ಹೀರುತ್ತಿರುತ್ತದೆ. ಅದರ ಮೊಟ್ಟೆ ದುಂಡಗೆ, ಮುತ್ತಿನ ಹಾಗೆ. ಬೇಟೆಗಾರ ನುಸಿ ಪೇರಲ ಹಣ್ಣಿನ ಆಕಾರದ್ದು, ಮೈ ನುಣುಪು, ತಿಂದದ್ದಕ್ಕೆ ತಕ್ಕಂತೆ ಹುಲ್ಲಿನ ಬಣ್ಣದಿಂದ ಕಿತ್ತಳೆಯವರೆಗೆ. ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಕಣ್ಣಿಲ್ಲ, ಮುಂದಿನ ಎರಡು ಕಾಲುಗಳನ್ನು ಎತ್ತಿ ಆಚೀಚೆ ಆಡಿಸುತ್ತ ವಾಸನೆ ಹಿಡಿದು ಓಡುತ್ತದೆ. ಬೇಟೆ ಸಿಕ್ಕೊಡನೆ ಹಿಡಿದು ಹೀರಿ, ಸುಕ್ಕಿದ ತೊಗಟೆ ಬಿಟ್ಟು ಮುಂದೆ ಹೋಗುತ್ತದೆ. ಅದರ ಮೊಟ್ಟೆ ಉದ್ದನೆಯ ಅಂಡಾಕಾರ, ಶತ್ರುವಿನ ಮೊಟ್ಟೆಗಿಂತ ಎದ್ದು ಕಾಣುವಷ್ಟು ದೊಡ್ಡದು. ಈ ಎರಡು ಮೊಟ್ಟೆಗಳ ವ್ಯತ್ಯಾಸ ಗುರುತಿಸಲು ಕಲಿತ ರೈತನಿಗೆ ಹೊಲದ ಅರ್ಧ ಗುಟ್ಟು ತಿಳಿದಂತೆ. ಹತ್ತು ಜೇಡ ನುಸಿಗೆ ಒಂದಾದರೂ ಬೇಟೆಗಾರ ಕಂಡರೆ ಪಂಪು ಇಳಿಸಿ ನಾಲ್ಕು ದಿನ ಕಾಯಬಹುದು.

ನಮ್ಮ ಹೊಲಗಳಲ್ಲಿ ಹೀಗೆ ಸಹಜವಾಗಿಯೇ ಸಿಗುವ ಜಾತಿ ನಿಯೋಸೀಯುಲಸ್ ಲಾಂಗಿಸ್ಪೈನೋಸಸ್. ಮೈಮೇಲೆ ಉದ್ದ ಮುಳ್ಳುಗೂದಲು, ಬಲೆಯೊಳಗೆ ತೊಡಕಿಲ್ಲದೆ ನುಗ್ಗುವ ಸಾಮರ್ಥ್ಯ. ವಾರದೊಳಗೆ ತಲೆಮಾರು ಮುಗಿಸಿ ಶತ್ರುವಿನ ವೇಗಕ್ಕೆ ಸರಿಗಟ್ಟುತ್ತದೆ. ಇದರ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಹಳ ಕೆಲಸ ನಡೆದಿದೆ. ಹಾಗೆ ನೋಡಿದರೆ ಭಾರತದ ನುಸಿ ವಿಜ್ಞಾನದ ತವರೇ ಬೆಂಗಳೂರು. ಅದನ್ನು ಕಟ್ಟಿದವರು ಡಾ. ಜಿ.ಪಿ. ಚನ್ನಬಸವಣ್ಣ. ತೆಂಗಿನ ನುಸಿ ನಮ್ಮಲ್ಲಿಗೆ ಬರುವ ಮೂರು ದಶಕ ಮೊದಲೇ, 1966ರಲ್ಲಿ, ಅದೇ ಬಳಗದ ನಾಲ್ಕು ಕಾಲಿನ ನುಸಿಗಳ ಮೇಲೆ ಅವರ ಗ್ರಂಥ ಹೆಬ್ಬಾಳದಿಂದ ಪ್ರಕಟವಾಗಿತ್ತು. 1986ರಲ್ಲಿ ನುಸಿ ವಿಜ್ಞಾನಿಗಳ ಏಳನೇ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಅವರ ಹೆಸರು ಹೊತ್ತ ಬೇಟೆಗಾರ ನುಸಿಯೂ ಒಂದಿದೆ: ಆಂಬ್ಲಿಸೀಯಸ್ ಚನ್ನಬಸವಣ್ಣೈ. ಅಡಿಕೆಯ ಎಲೆ ಕೆಂಪಾಗಿಸುವ ನುಸಿಯನ್ನು ಅದು ತಿನ್ನುವ ಬಗೆಯನ್ನು ದಕ್ಷಿಣ ಕನ್ನಡದ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದ ಆರಂಭದಲ್ಲೇ ಅಭ್ಯಸಿಸಿದ್ದರು. ಒಬ್ಬ ಕನ್ನಡಿಗ ಮೇಷ್ಟ್ರಿಗೆ ಇದಕ್ಕಿಂತ ಚೆಂದದ ಸ್ಮಾರಕ ಇದ್ದೀತೆ ಎಂದು ನನಗೆ ಅನ್ನಿಸುತ್ತದೆ.

ಬೇಟೆಗಾರನಿಗೆ ಹೊಲದ ಇಷ್ಟೊಂದು ಎಲೆಗಳ ನಡುವೆ ಬೇಟೆ ಸಿಗುವುದಾದರೂ ಹೇಗೆ? 1980ರ ದಶಕದಲ್ಲಿ ಮೌರಿಸ್ ಸಬೆಲಿಸ್ ಮತ್ತು ಮಾರ್ಸೆಲ್ ಡಿಕೆ ನೆದರ್ಲೆಂಡ್ಸಿನಲ್ಲಿ ಇದನ್ನು ಪರೀಕ್ಷಿಸಿದರು. ಜೇಡ ನುಸಿ ಕಚ್ಚಿದ ಅವರೆ ಜಾತಿಯ ಗಿಡ ಒಂದು ಬಗೆಯ ವಾಸನೆ ಬಿಡುತ್ತದೆ. ಬೇಟೆಗಾರ ನುಸಿ ಆ ವಾಸನೆಯ ಕಡೆಗೇ ನಡೆಯುತ್ತದೆ. ಗಿಡ ಕೂಗುತ್ತದೆ, ಅದು ಓಗೊಡುತ್ತದೆ. ಕೂಗಿಗೆ ಓಗೊಡಲು ಯಾರಾದರೂ ಬದುಕಿರಬೇಕು, ಅಷ್ಟೇ.

ಬದುಕಿರಬೇಕಾದರೆ ಇರಲು ಜಾಗ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಾರ್ಲ್ ಹಫೇಕರ್ 1958ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯಕ್ಕೆ ಬುನಾದಿ. ಕಿತ್ತಳೆ ಹಣ್ಣುಗಳನ್ನು ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿ ಎರಡೂ ಬಗೆಯ ನುಸಿ ಬಿಟ್ಟರೆ, ಬೇಟೆಗಾರ ಎಲ್ಲವನ್ನೂ ತಿಂದು ಮುಗಿಸಿ ತಾನೂ ಹಸಿದು ಸತ್ತಿತು. ಹಣ್ಣುಗಳ ನಡುವೆ ರಬ್ಬರ್ ಚೆಂಡು ಇಟ್ಟು, ವ್ಯಾಸಲೀನ್ ಗೆರೆ ಎಳೆದು, ಅಡೆತಡೆ ಹೆಚ್ಚಿಸಿ ತಟ್ಟೆಯನ್ನು ಗೋಜಲು ಮಾಡಿದಾಗ ಮಾತ್ರ ಇಬ್ಬರೂ ಬಹುಕಾಲ ಉಳಿದರು. ಎಕರೆಗಟ್ಟಲೆ ಒಂದೇ ಬೆಳೆ, ಬದು ಕೆರೆದು ಬೋಳು ಮಾಡಿದ ಹೊಲ ಆ ಮೊದಲ ತಟ್ಟೆ. ಬದುವಿನಲ್ಲಿ ಔಡಲ, ನಡುವೆ ಅಲಸಂದೆ, ಅಂಚಿನಲ್ಲಿ ನಾಲ್ಕು ಸಾಲು ಜೋಳ ಹಾಕುತ್ತಿದ್ದ ನಮ್ಮ ಹಿರಿಯರ ಹೊಲ ಎರಡನೆಯದು. ಬೇಟೆಗಾರ ನುಸಿಗಳಲ್ಲಿ ಹಲವು ಜಾತಿ ಬೇಟೆ ಸಿಗದ ಕಾಲದಲ್ಲಿ ಹೂವಿನ ಪರಾಗ ತಿಂದು ಜೀವ ಹಿಡಿಯುತ್ತವೆ. ಔಡಲದ ಪರಾಗ ಅವಕ್ಕೆ ಒಳ್ಳೆಯ ಮೇವು. ಕಾಫಿ ಎಲೆಯಡಿ ನರಗಳು ಕೂಡುವ ಮೂಲೆಯಲ್ಲಿ ಸಣ್ಣ ಗುಂಡಿಗಳಿರುತ್ತವೆ, ಅವೂ ಇಂಥ ನುಸಿಗಳ ಗೂಡು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಬೇಟೆಗಾರ ನುಸಿ ಬಾಟಲಿಯಲ್ಲಿ ತುಂಬಿ ವರ್ಷಗಟ್ಟಲೆ ಅಂಗಡಿಯ ಹಲಗೆಯ ಮೇಲೆ ಇಡುವ ಸರಕಲ್ಲ. ಮೇವಿಲ್ಲದೆ ಕೆಲವು ದಿನ ಮಾತ್ರ ಬದುಕುತ್ತದೆ, ಲಾರಿಯ ಬಿಸಿಗೆ ಸಾಯುತ್ತದೆ. ಆದ್ದರಿಂದ ಅದನ್ನು ಹೊಲದ ಹತ್ತಿರವೇ ಸಾಕಬೇಕು. ದೂರದ ದೊಡ್ಡ ಕಾರ್ಖಾನೆಗಿಂತ ಊರಿನ ಸಣ್ಣ ಕೊಟ್ಟಿಗೆಯೇ ಇದಕ್ಕೆ ಮೇಲು. ನೂಲುವ ರಾಟೆಗೆ ಹೇಳುತ್ತಿದ್ದ ಮಾತೂ ಇದೇ ಅಲ್ಲವೇ? ಬದನವಾಳು 1920ರ ದಶಕದಲ್ಲಿ ಖಾದಿ ಕೇಂದ್ರ ಹುಟ್ಟಿದ ಊರು, ಗಾಂಧೀಜಿ ಬಂದು ಹೋದ ಊರು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಕೂತದ್ದು ಅದೇ ಗ್ರಾಮೋದ್ಯೋಗ ಕೇಂದ್ರದ ಅಂಗಳದಲ್ಲಿ. ಕಡಿಮೆ ಬಂಡವಾಳ, ಹೆಚ್ಚು ಗಮನ, ಕೈಕೆಲಸದ ಅಚ್ಚುಕಟ್ಟು ಬೇಡುವ ಉದ್ಯೋಗಕ್ಕೆ ಇದಕ್ಕಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ.

ಸಾಕುವ ಕ್ರಮ ನಿಗೂಢವೇನಲ್ಲ. ಕುಂಡದಲ್ಲಿ ಬೀನ್ಸ್ ಬೀಜ ಊರಿ, ಮೊದಲ ಎರಡು ಎಲೆ ಚೆನ್ನಾಗಿ ಬಿಚ್ಚಿಕೊಂಡ ಮೇಲೆ ಜೇಡ ನುಸಿ ಇರುವ ಎಲೆಯ ತುಂಡುಗಳನ್ನು ಅದರ ಮೇಲಿಡಬೇಕು. ವಾರ ಹತ್ತು ದಿನದಲ್ಲಿ ಗಿಡದ ತುಂಬ ಮೇವು ಸಿದ್ಧ. ಆಗ ಬೇಟೆಗಾರರನ್ನು ಬಿಟ್ಟು, ಇನ್ನೊಂದು ಹತ್ತು ಹನ್ನೆರಡು ದಿನ ಕಾದು, ಎಲೆಗಳನ್ನು ಕಿತ್ತು ಹೊಲದ ಗಿಡಗಳ ಮೇಲೆ ಹರಡಿದರಾಯಿತು. ಎಲೆ ಬಾಡುತ್ತಿದ್ದಂತೆ ನುಸಿ ಹೊಸ ಗಿಡಕ್ಕೆ ಹತ್ತಿಕೊಳ್ಳುತ್ತದೆ. ಕಷ್ಟವಿರುವುದು ಒಂದೇ ಕಡೆ. ಮೇವಿನ ಗಿಡಗಳ ಕೋಣೆಗೆ ಬೇಟೆಗಾರ ಒಂದು ನುಗ್ಗಿದರೂ ಕೆಲವೇ ವಾರಗಳಲ್ಲಿ ಮೇವೆಲ್ಲ ಖಾಲಿ. ಆದ್ದರಿಂದ ಎರಡು ಕೋಣೆ ದೂರ ದೂರ ಇರಬೇಕು, ಬೆಳಿಗ್ಗೆ ಮೊದಲು ಮೇವಿನ ಕೋಣೆಯ ಕೆಲಸ ಮುಗಿಸಿ ಆಮೇಲೆ ಬೇಟೆಗಾರರ ಕೋಣೆಗೆ ಹೋಗಬೇಕು, ತಿರುಗಿ ಬರಬಾರದು. ಮೂಲ ತಳಿಯನ್ನು ಕಾಪಾಡಲು ತಟ್ಟೆಯಲ್ಲಿ ಒದ್ದೆ ಹತ್ತಿ ಹಾಸಿ, ಅದರ ಮೇಲೆ ಎಲೆಯನ್ನು ಬೋರಲು ಇಡುತ್ತಾರೆ. ನುಸಿ ನೀರು ದಾಟುವುದಿಲ್ಲ. ಆ ಎಲೆ ಅದಕ್ಕೊಂದು ದ್ವೀಪ. ಹತ್ತಿ ಒಣಗದಂತೆ ದಿನಕ್ಕೆರಡು ಸಲ ನೀರು ಬಿಡಲು ನೆನಪಿದ್ದರೆ ಸಾಕು.

ಇದು ಆಗದ ಮಾತು ಎನ್ನುವವರು ರೇಷ್ಮೆಯವರನ್ನು ಕೇಳಲಿ. ಟಿ. ನರಸೀಪುರ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವ ಪಟ್ಟಣ. ಹುಳು ಸಾಕುವ ಮನೆಯವರು ಹಿಪ್ಪುನೇರಳೆಗೆ ಕಂಡ ಕಂಡ ಔಷಧಿ ಹೊಡೆಯುವಂತಿಲ್ಲ, ಸೊಪ್ಪು ತಿಂದ ಹುಳು ಸಾಯುತ್ತದೆ. ಹಾಗಾಗಿ ಜೀವದಿಂದ ಜೀವವನ್ನು ಹತೋಟಿಗೆ ತರುವ ವಿದ್ಯೆ ಅವರಿಗೆ ಹೊಸದಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದು ಹುಳುಮನೆಗಳನ್ನು ಹಾಳುಮಾಡಿದಾಗ, ಊಜಿಯ ಕೋಶದಲ್ಲಿ ಮೊಟ್ಟೆಯಿಡುವ ನೆಸೋಲಿಂಕ್ಸ್ ಎಂಬ ಸಣ್ಣ ಕಣಜವನ್ನು ಸಾಕಿ ಪೊಟ್ಟಣದಲ್ಲಿ ರೈತರಿಗೆ ಕೊಡುವ ವ್ಯವಸ್ಥೆ ಬೆಳೆಯಿತು. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಹಿಪ್ಪುನೇರಳೆಗೂ ಹಬ್ಬಿದಾಗ, 2010ರಲ್ಲಿ ಬೆಂಗಳೂರಿನ ಕೀಟ ಸಂಪನ್ಮೂಲ ಸಂಸ್ಥೆ ಪೋರ್ಟೊರಿಕೋದಿಂದ ಪರತಂತ್ರ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿತು. ಅಸಿರೋಫೇಗಸ್ ಪಪಾಯೆ ಎಂಬ ಕಣಜ ಆ ಪೀಡೆಯನ್ನು ಹತೋಟಿಗೆ ತಂದಿತು. ಪೊಟ್ಟಣ ತಂದು ಹುಳುಮನೆಯಲ್ಲಿ ಇಟ್ಟ ಕೈಗಳಿಗೆ ನುಸಿ ಸಾಕುವುದು ಎಷ್ಟರ ಕೆಲಸ?

ಹಾಲೆಂಡಿನಲ್ಲಿ ಇದನ್ನು ವ್ಯಾಪಾರವಾಗಿ ಆರಂಭಿಸಿದವರೂ ವಿಜ್ಞಾನಿಯಲ್ಲ. ಯಾನ್ ಕೊಪರ್ಟ್ ಗಾಜಿನ ಮನೆಯಲ್ಲಿ ಸೌತೆ ಬೆಳೆಯುತ್ತಿದ್ದವರು. ರಾಸಾಯನಿಕದಿಂದ ಆರೋಗ್ಯ ಕೆಟ್ಟು, ಜೇಡ ನುಸಿಯೂ ಔಷಧಿಗೆ ಬಗ್ಗದೆ ಹೋದಾಗ, 1960ರ ದಶಕದ ಕೊನೆಯಲ್ಲಿ ಫೈಟೋಸೀಯುಲಸ್ ಪರ್ಸಿಮಿಲಿಸ್ ಎಂಬ ಬೇಟೆಗಾರ ನುಸಿಯನ್ನು ತಾವೇ ಸಾಕಿ ತೋಟಕ್ಕೆ ಬಿಟ್ಟರು, ನೆರೆಯವರಿಗೂ ಕೊಟ್ಟರು. ಅದು ಚಿಲಿ ದೇಶದ ಆರ್ಕಿಡ್ ಗಿಡಗಳ ಜೊತೆ ಯುರೋಪಿಗೆ ಬಂದಿದ್ದ ನುಸಿ. ಈಗ ಅವರ ಹೆಸರಿನ ಕಂಪನಿ ಜಗತ್ತಿಗೆಲ್ಲ ನುಸಿ ಮಾರುತ್ತದೆ.

ಮಿತಿಗಳನ್ನೂ ಹೇಳಬೇಕು, ಇಲ್ಲದಿದ್ದರೆ ಓದಿ ಪ್ರಯತ್ನಿಸಿದವರಿಗೆ ಮೋಸವಾಗುತ್ತದೆ. ಬಲೆ ಕಟ್ಟಿ ಎಲೆ ಉದುರುವ ಹಂತದಲ್ಲಿ ಬಿಟ್ಟರೆ ಬೇಟೆಗಾರ ಸೋಲುತ್ತದೆ. ಗಾಳಿ ತೀರಾ ಒಣಗಿದಾಗ ಅದರ ಮೊಟ್ಟೆ ಬತ್ತಿಹೋಗುತ್ತದೆ. ಕಡು ಬೇಸಿಗೆಯಲ್ಲಿ ಸಂಜೆ ಹೊತ್ತು ನೀರು ಕಟ್ಟಿ, ಹೊದಿಕೆ ಹಾಕಿ ಹೊಲದ ತೇವ ಉಳಿಸಿಕೊಳ್ಳಬೇಕು. ಬಿಟ್ಟ ಮೇಲೆ ಗಂಧಕದ ಪುಡಿ, ಪೈರೆಥ್ರಾಯ್ಡ್ ಮುಟ್ಟಲೇಬಾರದು. ಬಿಳಿನೊಣಕ್ಕೋ ಕಾಯಿಕೊರಕಕ್ಕೋ ಬೇರೆ ದಾರಿ ಹುಡುಕಿಕೊಂಡೇ ಇದಕ್ಕೆ ಇಳಿಯಬೇಕು. ಪಕ್ಕದ ಹೊಲದವರು ‘ಎಲ್ಲಕ್ಕೂ’ ಹೊಡೆದರೆ ಅದರ ಗಾಳಿ ನಿಮ್ಮ ಹೊಲಕ್ಕೂ ಬರುತ್ತದೆ. ಒಬ್ಬರಿಗಿಂತ ಒಂದು ಬಯಲಿನ ನಾಲ್ಕಾರು ಮಂದಿ ಕೂಡಿ ಮಾಡುವುದು ಲೇಸು. ನಂಜನಗೂಡು ತಾಲ್ಲೂಕಿನಲ್ಲೇ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ನುಸಿ ಗುರುತಿಸಿಕೊಡಿ ಎಂದು ಎಲೆ ಹಿಡಿದು ಹೋಗಿ ಕೇಳಬಹುದು, ಗುಂಪಾಗಿ ಹೋದರೆ ತರಬೇತಿಯನ್ನೂ ಕೇಳಬಹುದು.

ಆರಂಭಿಸುವವರಿಗೆ ಕಾಲದ ಲೆಕ್ಕ ಹೀಗೆ. ಸಂಕ್ರಾಂತಿ ಕಳೆಯುತ್ತಲೇ ಕುಂಡಗಳಲ್ಲಿ ಬೀನ್ಸ್ ಊರಬೇಕು. ಎರಡು ವಾರಕ್ಕೆ ಎಲೆ ಬರುತ್ತದೆ, ಅಲ್ಲಿಂದ ಹತ್ತು ದಿನಕ್ಕೆ ಮೇವು ತಯಾರು. ಅಷ್ಟರಲ್ಲಿ ಔಷಧಿ ಬೀಳದ ಬೇಲಿಸಾಲಿನ ಬೆಂಡೆ, ಬದನೆ, ಅಲಸಂದೆಯ ಎಲೆಗಳನ್ನು ಮಸೂರದಲ್ಲಿ ಹುಡುಕಿ, ಓಡಾಡುವ ನುಣುಪು ಮೈಯ ನುಸಿಗಳನ್ನು ತೇವದ ಕುಂಚದ ತುದಿಯಿಂದ ಎತ್ತಿ ತಂದಿಟ್ಟುಕೊಳ್ಳಬೇಕು. ಶಿವರಾತ್ರಿ ಹೊತ್ತಿಗೆ ಬಿಡಲು ಎಲೆಗಳು ಸಿದ್ಧವಾಗಿರುತ್ತವೆ. ಬೆಂಡೆಯ ಕೆಳಗಿನ ಎಲೆಗಳಲ್ಲಿ, ಅದರಲ್ಲೂ ರಸ್ತೆಯ ಧೂಳು ಕೂರುವ ಅಂಚಿನ ಸಾಲುಗಳಲ್ಲಿ, ಮೊದಲ ಹಳದಿ ಚುಕ್ಕೆ ಮೂಡುವುದೂ ಆಗಲೇ. ಅಲ್ಲಿಂದಲೇ ಬಿಡಲು ಶುರು ಮಾಡಿ.